ಹದಿಮೂರು ಜನ ಹೋಗಿ ಹದಿಮೂರೂ ಜನ ಬಂದ ಹಡಗು

18 ಮೇ 2025, ಭಾನುವಾರ
ಓಸ್ಲೊ

ಇವತ್ತು ಎಲ್ಲರೂ ತಡವಾಗಿ ಎದ್ದೆವು. ನಿನ್ನೆಯ ಹಬ್ಬದ ಸುಸ್ತು. ಮೇ 17 ಇಲ್ಲಿಯವರಿಗೆ ದೊಡ್ಡ ದಿನ. 1814ರಲ್ಲಿ ಅದೇ ದಿನ ನಾರ್ವೆಯ ಸಂವಿಧಾನಕ್ಕೆ ಸಹಿ ಬಿತ್ತು. ಶಾಲೆ ಮಕ್ಕಳು ಬಾವುಟ ಹಿಡಿದು ಅರಮನೆ ಮುಂದೆ ಹಾದು ಹೋಗುತ್ತಾರೆ, ಅದೇ ಹಬ್ಬ. ಅಪ್ಪ ಊರಿಂದ ಬಂದು ಮೂರು ವಾರ ಆಯಿತು. ನಿನ್ನೆ ಮೊಮ್ಮಗನ ತರಗತಿ ನಮ್ಮ ಮುಂದೆ ಬಂದಾಗ ಬೆರಳು ಮಡಿಸಿ ಮಡಿಸಿ ತಲೆ ಎಣಿಸುತ್ತಿದ್ದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಬೇಲೂರು ಹಳೇಬೀಡು ಪ್ರವಾಸ ಅಂದರೆ ಬಸ್ಸು ಹೊರಡೋ ಮುಂಚೆ ಎರಡು ಸಲ ಎಣಿಸುತ್ತಿದ್ದರು. ನಾನೂ ಆ ಬಸ್ಸಿನಲ್ಲಿ ಇರುತ್ತಿದ್ದೆ. ಮಗಳು ಅಂತ ನನ್ನನ್ನು ಬಿಟ್ಟು ಎಣಿಸಿದ್ದು ನೆನಪಿಲ್ಲ.

ಮನೆಗೆ ಬರುವಾಗ ಅವರಿಗೊಂದು ವಿಷಯ ಹೇಳಿದೆ. 1930ರಲ್ಲಿ ಇದೇ ಮೇ 17ರಂದು ಓಸ್ಲೊದಲ್ಲಿ ಒಬ್ಬರ ಅಂತ್ಯಸಂಸ್ಕಾರ ಆಯಿತು. ಫ್ರಿಟ್ಯೋಫ್ ನಾನ್ಸೆನ್. ಮೇ 13ಕ್ಕೆ ತೀರಿಕೊಂಡಿದ್ದರು. ಇಡೀ ದೇಶದ ಹಬ್ಬದ ದಿನವನ್ನೇ ಅವರನ್ನು ಕಳಿಸಿಕೊಡೋಕೆ ಇಟ್ಟುಕೊಂಡರು.

"ಯಾರು ಅವರು? ರಾಜರಾ?" ಅಂತ ಕೇಳಿದರು ಅಪ್ಪ.

ರಾಜರಲ್ಲ, ಮಂಜಿನ ಸಮುದ್ರ ಹೊಕ್ಕ ಅನ್ವೇಷಕರು. ಅದಕ್ಕೇ ಇವತ್ತು ಮೂವರೂ ಓಸ್ಲೊದ ಬಿಗ್ಡೊಯ್ ಅನ್ನೋ ಕಡೆ ಹೋಗಿ ಅವರು ಹೋಗಿದ್ದ ಫ್ರಾಮ್ ಹಡಗು ನೋಡಿಕೊಂಡು ಬಂದೆವು.

1936ರಿಂದ ಆ ಹಡಗು ಅಲ್ಲಿ ಜನರ ನೋಟಕ್ಕಿದೆ. ಹಡಗಿನ ಮೇಲೆ ಗುಡಾರ ಕಟ್ಟಿದ ಹಾಗೆ ಮ್ಯೂಸಿಯಂ. ಒಳಗೆ ಕಾಲಿಟ್ಟರೆ ಎದುರಿಗೇ ಮರದ ದೊಡ್ಡ ಹೊಟ್ಟೆ. ಉದ್ದ 39 ಮೀಟರ್, ಅಗಲ 11 ಮೀಟರ್. ಇಷ್ಟು ಉದ್ದಕ್ಕೆ ಇಷ್ಟು ಅಗಲ ಜಾಸ್ತಿ ಅಲ್ವಾ ಅಂತ ಅಪ್ಪ ಕೇಳಿದರು. ಸರಿಯಾದ ಪ್ರಶ್ನೆ. ಆ ಗುಂಡಗಿನ ಹೊಟ್ಟೆಯಲ್ಲೇ ಎಲ್ಲ ಇರೋದು.

ಉತ್ತರ ಧ್ರುವದ ಸಮುದ್ರದ ಮಂಜುಗಡ್ಡೆ ಎರಡೂ ಕಡೆಯಿಂದ ಒತ್ತಿ ಹಡಗನ್ನು ಪುಡಿ ಮಾಡುತ್ತದೆ. ಜೀನೆಟ್ ಅನ್ನೋ ಅಮೆರಿಕದ ಹಡಗು 1881ರಲ್ಲಿ ಸೈಬೀರಿಯಾದ ಹತ್ತಿರ ಹಾಗೇ ಮುಳುಗಿತ್ತು. ಮೂರು ವರ್ಷದ ಮೇಲೆ ಅದರ ಸಾಮಾನು ಗ್ರೀನ್‌ಲ್ಯಾಂಡಿನ ನೈಋತ್ಯ ಕರಾವಳಿಯಲ್ಲಿ ಸಿಕ್ಕಿತು, ಒಬ್ಬ ನಾವಿಕನ ಪ್ಯಾಂಟು ಕೂಡ. ಅಂದರೆ ಆ ಮಂಜುಗಡ್ಡೆ ನಿಂತಲ್ಲೇ ನಿಂತಿಲ್ಲ. ಸಮುದ್ರದ ಈ ತುದಿಯಿಂದ ಆ ತುದಿಗೆ ಸಾಗುತ್ತಿದೆ. ಪತ್ರಿಕೆಯಲ್ಲಿ ಇದನ್ನು ಓದಿದ ನಾನ್ಸೆನ್‌ಗೆ ಹೊಳೆದಿದ್ದು: ಮಂಜಿನ ಜೊತೆ ಗುದ್ದಾಡೋದು ಯಾಕೆ, ಅದರಲ್ಲೇ ಸಿಕ್ಕಿಕೊಂಡು ಅದು ಒಯ್ದ ಕಡೆ ಹೋಗೋಣ. ಕಾಲಿನ್ ಆರ್ಚರ್ ಹಡಗು ಕಟ್ಟಿದರು. ಒದ್ದೆ ಬೆರಳಲ್ಲಿ ಹುಣಸೆ ಬೀಜ ಒತ್ತಿದರೆ ಪುಸಕ್ಕನೆ ಮೇಲಕ್ಕೆ ಜಾರುತ್ತಲ್ಲ, ಹಾಗೆ ಈ ಹಡಗು ಮಂಜು ಒತ್ತಿದಷ್ಟೂ ಮೇಲಕ್ಕೆ ಏಳಬೇಕು. ಮಗನಿಗೆ ಹುಣಸೆ ಬೀಜ ಗೊತ್ತಿಲ್ಲ. ಅವನ ತಾತ ಬೆರಳಲ್ಲೇ ಮಾಡಿ ತೋರಿಸಿದರು.

1893ರ ಜೂನ್ 24ರಂದು ಹೊರಟರು. ಒಟ್ಟು 13 ಜನ. ಸೆಪ್ಟೆಂಬರ್ ಹೊತ್ತಿಗೆ ಮಂಜಿನಲ್ಲಿ ಸಿಕ್ಕಿಕೊಂಡರು. ಅಂದುಕೊಂಡ ಹಾಗೇ ಹಡಗು ಎದ್ದು ಕೂತಿತು. ಆ ಕತ್ತಲಲ್ಲಿ ಗಾಳಿಯಂತ್ರ ತಿರುಗಿಸಿ ವಿದ್ಯುತ್ ದೀಪ ಹಚ್ಚಿಕೊಂಡಿದ್ದರಂತೆ. ಒಳಗಿನ ಕೋಣೆಗಳನ್ನು ನೋಡಿದೆವು. ಮೂರು ವರ್ಷ ಆ ಪುಟ್ಟ ಜಾಗದಲ್ಲಿ ಅವವೇ ಮುಖಗಳು. ನನಗಂತೂ ಊಹಿಸೋಕೂ ಆಗಲಿಲ್ಲ.

ಅಪ್ಪ ಕೇಳಿದ್ದು ಒಂದೇ. "ವಾಪಸ್ ಬಂದವರೆಷ್ಟು ಜನ?"

"ಹದಿಮೂರೂ ಜನ ಅಪ್ಪ."

ಅಲ್ಲಿಂದ ಅವರಿಗೆ ಈ ಮನುಷ್ಯ ಹಿಡಿಸಿಬಿಟ್ಟರು. ಅದಕ್ಕೂ ಮುಂಚೆ, 1888ರಲ್ಲಿ, ನಾನ್ಸೆನ್ ಸ್ಕೀ ಹಾಕಿಕೊಂಡು ಗ್ರೀನ್‌ಲ್ಯಾಂಡ್ ದಾಟಿದ್ದರು ಅಂದೆ. ಆರು ಜನ ಹೋಗಿ ಆರೂ ಜನ ಬಂದರು. ಅದರಲ್ಲಿ ಬಾಲ್ಟೊ ಮತ್ತು ರಾವ್ನಾ ಅನ್ನೋ ಇಬ್ಬರು ಸಾಮಿ ಜನಾಂಗದವರು, ಅಂದರೆ ನಾರ್ವೆಯ ಉತ್ತರದ ಮೂಲನಿವಾಸಿಗಳು. ಆದರೆ ಅವರು ಹೊರಟಿದ್ದು ಜನವೇ ಇಲ್ಲದ ಪೂರ್ವ ದಡದಿಂದ, ಜನ ಇರೋ ಪಶ್ಚಿಮಕ್ಕೆ. ಹಿಂದಕ್ಕೆ ತಿರುಗಿದರೆ ಯಾರೂ ಇಲ್ಲ, ಆದ್ದರಿಂದ ಮುಂದಕ್ಕೇ ಹೋಗಬೇಕು. ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. "ಜನರನ್ನ ಕರ್ಕೊಂಡು ಹೋಗೋನು ಹಾಗೆ ಮಾಡಬಾರದು. ವಾಪಸ್ ದಾರಿ ಇಟ್ಕೋಬೇಕು" ಅಂದರು. ನನಗೂ ಅದು ಸರಿ ಅನ್ನಿಸಿತು.

ಫ್ರಾಮ್‌ನಲ್ಲಿ ಹೋದಾಗಲೂ ಅವರು ಅದನ್ನೇ ಮಾಡಿದರು. ಮಂಜು ಹಡಗನ್ನು ಧ್ರುವದ ಮೇಲೆ ಒಯ್ಯೋದಿಲ್ಲ ಅಂತ ಗೊತ್ತಾದಾಗ, 1895ರ ಮಾರ್ಚ್ 14ರಂದು ಯಲ್ಮಾರ್ ಯೊಹಾನ್ಸೆನ್ ಅನ್ನುವವರನ್ನು ಜೊತೆಗೆ ಕರೆದುಕೊಂಡು ಇಳಿದು ನಡೆದರು. 28 ನಾಯಿ, ಮೂರು ಜಾರುಬಂಡಿ, ಎರಡು ಕಯಾಕ್ ದೋಣಿ. ಬಿಟ್ಟು ಹೋದ ಹಡಗು ಸಾಗುತ್ತಲೇ ಇರುತ್ತದೆ, ಮತ್ತೆ ಸಿಗೋದಿಲ್ಲ. 86 ಡಿಗ್ರಿ 14 ಮಿನಿಟ್ ಉತ್ತರದವರೆಗೆ ಹೋದರು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಧ್ರುವ ಮುಟ್ಟಲಿಲ್ಲ. ತಿರುಗಿದರು. ದಾರಿಯಲ್ಲಿ ಇಬ್ಬರ ಗಡಿಯಾರವೂ ನಿಂತುಹೋಯಿತು.

ಮಳೆಗಾಲ, ಚಳಿಗಾಲ ಎಲ್ಲ ನಾವೂ ನೋಡಿದ್ದೇವೆ. ಆದರೆ ಉತ್ತರ ಧ್ರುವದ ಕಡೆಯ ಫ್ರಾನ್ಸ್ ಯೋಸೆಫ್ ದ್ವೀಪಗಳಲ್ಲಿ ಆ ಇಬ್ಬರು ಕಳೆದ ಚಳಿಗಾಲಕ್ಕೆ ಏನು ಹೆಸರಿಡೋದು! ನೆಲ ತೋಡಿ, ಕಲ್ಲು ಪೇರಿಸಿ, ವಾಲ್ರಸ್ ಚರ್ಮ ಹೊದಿಸಿದ ಗುಡಿಸಲು. ಸುಮಾರು ಹತ್ತು ಅಡಿ ಉದ್ದ, ಆರಡಿ ಅಗಲ. ಊಟಕ್ಕೆ ಹಿಮಕರಡಿ ಮಾಂಸ. ದಿನದ ಬಹುಪಾಲು ನಿದ್ದೆ. ಮಲಗೋಕೆ ಒಂದೇ ಚೀಲ, ಇಬ್ಬರೂ ಅದರಲ್ಲೇ. ಇಷ್ಟಾದರೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸುತ್ತಿದ್ದರಂತೆ. ಆಗಿನ ನಾರ್ವೆ ಭಾಷೆಯಲ್ಲೂ ನಮ್ಮ ಹಾಗೆ ನೀನು, ನೀವು ಬೇರೆ ಬೇರೆ. 1895ರ ಕೊನೆಯ ರಾತ್ರಿ ನಾನ್ಸೆನ್ ಅವರೇ, ಇನ್ನು ಮೇಲೆ ನೀನು ಅಂತ ಕರೆಯೋಣ ಅಂದರು ಅಂತ ಹೇಳುತ್ತಾರೆ. ಈ ಕಥೆ ನನಗೆ ಬಹಳ ಇಷ್ಟ. ಇದರ ತೂಕ ಕನ್ನಡದವರಿಗೆ ತಕ್ಷಣ ಗೊತ್ತಾಗುತ್ತದೆ.

ಅವರು ಆ ಗುಡಿಸಲು ಬಿಟ್ಟು ಹೊರಟಿದ್ದು 1896ರ ಮೇ 19ಕ್ಕೆ. ನಾಳೆಯ ತಾರೀಖು. ತಿಂಗಳಾದ ಮೇಲೆ ಅದೇ ದ್ವೀಪಗಳಲ್ಲಿದ್ದ ಫ್ರೆಡರಿಕ್ ಜಾಕ್ಸನ್ ಅನ್ನೋ ಇಂಗ್ಲಿಷರು ಸಿಕ್ಕರು. ಆಗಸ್ಟ್ 13ಕ್ಕೆ ಇಬ್ಬರೂ ನಾರ್ವೆ ಮುಟ್ಟಿದರು. ಅದೇ ದಿನ ಅತ್ತ ಫ್ರಾಮ್ ಕೂಡ ಮಂಜಿನಿಂದ ಬಿಡಿಸಿಕೊಂಡು ತೆರೆದ ನೀರಿಗೆ ಬಂತು.

ಯೊಹಾನ್ಸೆನ್ ಮುಂದೆ ಏನಾದರು ಅಂತ ಅಪ್ಪ ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಕೇಳಿದರು. ಮಗ ಮೇಲಿನ ಡೆಕ್ಕಿಗೆ ಓಡಿದ ಮೇಲೆ ಹೇಳಿದೆ. ಊರಿಗೆ ಬಂದವರಿಗೆ ಬದುಕು ಕೈಗೆ ಹತ್ತಲಿಲ್ಲ. ಕುಡಿತ. ಅಮುಂಡ್‌ಸೆನ್ ಇದೇ ಫ್ರಾಮ್ ಹತ್ತಿ ದಕ್ಷಿಣ ಧ್ರುವಕ್ಕೆ ಹೋದಾಗ ಯೊಹಾನ್ಸೆನ್ ಜೊತೆಗಿದ್ದರು. ನಾಯಕನ ಜೊತೆ ಜಗಳವಾಯಿತು, ಧ್ರುವಕ್ಕೆ ಹೋದ ಗುಂಪಿನಿಂದ ಹೊರಗಾದರು. 1913ರ ಜನವರಿಯಲ್ಲಿ ಇದೇ ಊರಲ್ಲಿ ತಾವಾಗಿಯೇ ಪ್ರಾಣ ಕಳೆದುಕೊಂಡರು. ಅಪ್ಪ ಹಡಗಿನ ಕಟಕಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಹಂಗಾದ್ರೆ ಹನ್ನೆರಡೇ ಅನ್ನು" ಅಂದರು.

ಹೊರಗೆ ಬಂದು ನೀರಿನ ದಂಡೆಯಲ್ಲಿ ಕೂತು ಚಪಾತಿ, ಉಪ್ಪಿನಕಾಯಿ ತಿಂದೆವು. ಉಳಿದ ಕಥೆ ಅಲ್ಲೇ ಹೇಳಿದೆ. 1905ರಲ್ಲಿ ನಾರ್ವೆ ಸ್ವೀಡನ್ ಜೊತೆಗಿನ ಒಕ್ಕೂಟ ಬಿಟ್ಟು ಬೇರೆಯಾಯಿತು. ಬೇರೆಯಾಗಬೇಕು ಅಂದವರು 3,68,208 ಜನ, ಬೇಡ ಅಂದವರು ಬರೀ 184! ಹೆಂಗಸರಿಗೆ ಓಟು ಇರಲಿಲ್ಲ. ಅವರು ಸುಮಾರು ಎರಡೂವರೆ ಲಕ್ಷ ಸಹಿ ಕೂಡಿಸಿ ಕೊಟ್ಟರು. ಆ ಸಂಖ್ಯೆ ಕೂಡ ಎಲ್ಲರ ಬಾಯಲ್ಲೂ ಬರಬೇಕು. ನಾನ್ಸೆನ್ ಡೆನ್ಮಾರ್ಕಿಗೆ ಹೋಗಿ ಅಲ್ಲಿನ ರಾಜಕುಮಾರನನ್ನು ನಾರ್ವೆಯ ರಾಜನಾಗಲು ಒಪ್ಪಿಸಿದರು. ಆಮೇಲೆ ಲಂಡನ್ನಿನಲ್ಲಿ ಹೊಸ ದೇಶದ ರಾಯಭಾರಿ.

ಆದರೆ ನನ್ನ ಮನಸ್ಸಿನಲ್ಲಿ ಅವರು ದೊಡ್ಡವರಾಗಿದ್ದು ಇದ್ಯಾವುದರಿಂದಲೂ ಅಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೂ ಲಕ್ಷಾಂತರ ಯುದ್ಧಕೈದಿಗಳು ಸೈಬೀರಿಯಾದಲ್ಲಿ, ಜರ್ಮನಿಯಲ್ಲಿ ಹಾಗೇ ಉಳಿದುಬಿಟ್ಟಿದ್ದರು. ಯಾರಿಗೂ ಬೇಡ. 1920ರಲ್ಲಿ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘ ಆ ಕೆಲಸವನ್ನು ನಾನ್ಸೆನ್‌ಗೆ ಕೊಟ್ಟಿತು. ದುಡ್ಡಿಲ್ಲ, ಹಡಗಿಲ್ಲ. ಸಾಲ ಹುಟ್ಟಿಸಿ, ಹಡಗು ಹೊಂದಿಸಿ, ಎರಡು ವರ್ಷದಲ್ಲಿ ಮನೆ ಸೇರಿಸಿದ್ದು 4,27,886 ಜನರನ್ನು. ಅಪ್ಪ ಜೇಬಿನಿಂದ ಪುಟ್ಟ ಡೈರಿ ತೆಗೆದು ಆ ಸಂಖ್ಯೆ ಬರೆದುಕೊಂಡರು. "ಕೊನೆ ಆರನ್ನೂ ಬಿಟ್ಟಿಲ್ಲ ನೋಡು, ಹಂಗೆ ಎಣಿಸಬೇಕು" ಅಂದರು.

ರಷ್ಯಾದ ಬರಗಾಲಕ್ಕೆ 1921ರಲ್ಲಿ ಜಿನೀವಾದಲ್ಲಿ ನಿಂತು ಸರ್ಕಾರಗಳ ಮುಂದೆ ಬೇಡಿಕೊಂಡರು. ಅಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಬೊಲ್ಶೆವಿಕರಿಗೆ ನೆರವಾಗುತ್ತೆ ಅಂತ ಆ ಸರ್ಕಾರಗಳು ಕೊಡಲಿಲ್ಲ. ಆಮೇಲೆ ಜನರ ಹತ್ತಿರವೇ ಕೈಚಾಚಿದರು. ಹಸಿದ ಮಕ್ಕಳನ್ನು ಯಾವ ಪಕ್ಷ ಅಂತ ಕೇಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕ್ರಾಂತಿ ಆದ ಮೇಲೆ ರಷ್ಯಾ ಬಿಟ್ಟು ಓಡಿಬಂದ ಲಕ್ಷಾಂತರ ಜನರ ಪೌರತ್ವವನ್ನು ಲೆನಿನ್ ಸರ್ಕಾರ ಕಿತ್ತುಕೊಂಡಿತು. ಯಾವ ದೇಶವೂ ಅವರನ್ನು ತನ್ನವರು ಅನ್ನೋದಿಲ್ಲ. ಕಾಗದ ಇಲ್ಲದೆ ಗಡಿ ದಾಟುವಂತಿಲ್ಲ, ಕೆಲಸ ಹುಡುಕುವಂತಿಲ್ಲ. 1922ರಲ್ಲಿ ನಾನ್ಸೆನ್ ಅವರಿಗೊಂದು ಗುರುತಿನ ಕಾಗದ ಮಾಡಿಸಿದರು. ರಷ್ಯಾ ಮೂಲದವರು, ಬೇರೆ ಪೌರತ್ವ ಪಡೆದಿಲ್ಲ, ಅಷ್ಟೇ ಅದರಲ್ಲಿ ಬರೆದಿದ್ದು. ಕೊಟ್ಟ ದೇಶಕ್ಕೆ ವಾಪಸ್ ಬರುವ ಹಕ್ಕೂ ಮೊದಮೊದಲು ಇರಲಿಲ್ಲ. ಆದರೂ ಒಂದೊಂದೇ ಸರ್ಕಾರ ಒಪ್ಪಿ, ಕೊನೆಗೆ ಐವತ್ತಕ್ಕೂ ಹೆಚ್ಚು ದೇಶ ಒಪ್ಪಿದವು. ಜನ ಅದನ್ನು ನಾನ್ಸೆನ್ ಪಾಸ್‌ಪೋರ್ಟ್ ಅಂದರು. ಚಿತ್ರಕಾರ ಶಗಾಲ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ ಅದನ್ನೇ ಹಿಡಿದು ಓಡಾಡಿದವರು. ಆರ್ಮೇನಿಯಾದವರಿಗೂ 1924ರಿಂದ ಸಿಕ್ಕಿತು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತದೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಧರ್ಮ ನೋಡಿ ಜನರನ್ನು ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ, ಸುಮಾರು 4 ಲಕ್ಷ ಮುಸ್ಲಿಮರು ಟರ್ಕಿಗೆ. ಬಹಳಷ್ಟು ಜನ ಆಗಲೇ ಓಡಿಬಂದಿದ್ದರು, ನಿಜ. ಆದರೆ ಆ ಸಲಹೆಯ ಹಿಂದೆ ನಾನ್ಸೆನ್ ಇದ್ದರು. 1947ರ ಕಥೆ ಕೇಳಿ ಬೆಳೆದ ನಮಗೆ ಅದನ್ನು ಒಳ್ಳೆಯದು ಅನ್ನೋಕೆ ಬಾಯಿ ಬರೋದಿಲ್ಲ. ಅಪ್ಪನಿಗೂ ಬರಲಿಲ್ಲ. ಆ ಸಂಖ್ಯೆ ಬರೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಅಪ್ಪ ಇದ್ದಕ್ಕಿದ್ದ ಹಾಗೆ, "ಹಳದಿ ಪುಸ್ತಕ ನೆನಪಿದೆಯಾ ಪುಟ್ಟಿ?" ಅಂದರು.

ನೆನಪಿದೆ. ನಮ್ಮೂರು ಬೈಲಕುಪ್ಪೆ ಪಕ್ಕ. 1961ರಲ್ಲಿ ಟಿಬೆಟಿನವರು ಅಲ್ಲಿ ಬಂದು ನೆಲೆಸಿದರು, ಕಾಡು ಕಡಿದು ಹೊಲ ಮಾಡಿದರು. ಅವರ ಹುಡುಗನೊಬ್ಬ ಅಪ್ಪನ ಹತ್ತಿರ ಗಣಿತಕ್ಕೆ ಮನೆಪಾಠಕ್ಕೆ ಬರುತ್ತಿದ್ದ. ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ. ದೊಡ್ಡವನಾದ ಮೇಲೆ ಒಂದು ಸಲ ಹೊರದೇಶಕ್ಕೆ ಹೊರಟಾಗ ಮನೆಗೆ ಬಂದು, ಭಾರತ ಸರ್ಕಾರ ಅವರಿಗೆಲ್ಲ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕ ತೋರಿಸಿದ್ದ. "ಇದು ಪಾಸ್‌ಪೋರ್ಟ್ ಅಲ್ಲ ಸಾರ್. ಆದ್ರೆ ಹೋಗಬಹುದು" ಅಂದಿದ್ದ. ಅಮ್ಮ ಅವನ ಕೈಗೆ ಚಕ್ಕುಲಿ ಡಬ್ಬಿ ಕೊಟ್ಟಿದ್ದಳು. ಅವನು ಹೋಗಿ, ತಿಂಗಳಾದ ಮೇಲೆ ವಾಪಸ್ ಬರುವವರೆಗೂ ಅಪ್ಪ ದಿನಾ ಕೇಳುತ್ತಿದ್ದರು.

ಮನೆಗೆ ಬಂದವರೇ ಅಪ್ಪ ಅವನಿಗೆ ಫೋನ್ ಮಾಡಿದರು. ಇಲ್ಲಿ ಸಂಜೆ ಆರು, ಬಿಸಿಲು ಇನ್ನೂ ಜೋರು. ಅಲ್ಲಿ ರಾತ್ರಿ ಒಂಬತ್ತೂವರೆ. ಹಡಗು, ಹುಣಸೆ ಬೀಜ, ಕಾಗದ ಎಲ್ಲ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು "ಹೂಂ ಸಾರ್, ಹೂಂ ಸಾರ್" ಅಂತ ಕೇಳಿಸುತ್ತಿತ್ತು. ಆಮೇಲೆ ಅಪ್ಪ ದನಿ ತಗ್ಗಿಸಿ, "ಮನೇಲಿ ಎಲ್ಲ ಇದ್ದೀರಾ? ಮಳೆ ಬಂತಾ?" ಅಂದರು.

"ಎಲ್ಲಾ ಇದೀವಿ ಸಾರ್. ಒಳ್ಳೆ ಮಳೆ. ಮುಸುಕಿನ ಜೋಳ ಬಿತ್ತಿದೀವಿ."