ಲಿಟರೇಚರ್ ರಿವ್ಯೂ ಮುಗೀತು, ಫ್ರೇಮ್‌ವರ್ಕ್ ಎಲ್ಲಿಂದ ತರೋದು?

ಎಂ.ಕಾಂ., ಎಂಬಿಎ ಡಿಸರ್ಟೇಶನ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಮೂವತ್ತು ಪೇಪರ್ ಓದಿ ಎರಡನೇ ಅಧ್ಯಾಯ ಮುಗಿಸಿದ್ದಾರೆ. ‘ಸೈದ್ಧಾಂತಿಕ ಚೌಕಟ್ಟು ಎಲ್ಲಿ?’ ಎಂದು ಗೈಡ್ ವಾಪಸ್ ಕಳಿಸಿದ್ದಾರೆ.

ಚೌಕಟ್ಟು, ಅಂದರೆ ಯಾವುದು ಯಾವುದಕ್ಕೆ ಕಾರಣ ಎಂದು ಸಿದ್ಧಾಂತದ ಆಧಾರದಲ್ಲಿ ತೋರಿಸುವ ನಕ್ಷೆ, ನೀವು ಓದಿದ್ದರಲ್ಲೇ ಇದೆ. ‘ಇಂಥವರು 2018ರಲ್ಲಿ ಹೀಗೆಂದರು, ಇನ್ನೊಬ್ಬರು 2020ರಲ್ಲಿ ಹಾಗೆಂದರು’ ಎಂದು ಲೇಖಕರನ್ನು ಸಾಲಾಗಿ ನಿಲ್ಲಿಸಿ ಬರೆದಿರುವುದರಿಂದ ಅದು ಕಾಣುತ್ತಿಲ್ಲ, ಅಷ್ಟೆ. ‘ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ಯುಪಿಐ ಬಳಕೆ’ ಎಂಬ ವಿಷಯವನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪೇಪರಿಗೊಂದು ಸಾಲು ಬೇಡ, ಸಂಬಂಧಕ್ಕೊಂದು ಸಾಲು ಇರಲಿ. ಒಂದು ಪೇಪರ್ ನಾಲ್ಕು ಊಹೆಗಳನ್ನು (ಹೈಪಾಥಿಸಿಸ್) ಪರೀಕ್ಷಿಸಿದ್ದರೆ ನಾಲ್ಕು ಸಾಲು. ಕಾಲಂಗಳು: ಕಾರಣ, ಪರಿಣಾಮ, ಸಂಬಂಧ ಧನವೋ ಋಣವೋ, ಸಾಬೀತಾಯಿತೋ ಇಲ್ಲವೋ, ಯಾವ ಸಿದ್ಧಾಂತ, ಯಾರನ್ನು ಕೇಳಿದ್ದು, ಎಲ್ಲಿ, ಯಾವಾಗ. ಸಾಬೀತಾಗದ ಊಹೆಗಳನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಒಂದೇ ಸಂಬಂಧ ಒಂದು ಕಡೆ ನಿಂತು ಇನ್ನೊಂದು ಕಡೆ ಬಿದ್ದಿದ್ದರೆ ನಿಮ್ಮ ಅಧ್ಯಯನಕ್ಕೆ ಜಾಗ ಇರುವುದು ಅಲ್ಲೇ. ಎಲ್ಲ ತುಂಬಿದ ಮೇಲೆ ‘ಪರಿಣಾಮ’ದ ಕಾಲಂ ಹಿಡಿದು ವಿಂಗಡಿಸಿ.

ಈ ವಿಷಯದಲ್ಲಿ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ. ಒಂದು ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಟ್ಯಾಮ್ (ಟೆಕ್ನಾಲಜಿ ಅಕ್ಸೆಪ್ಟೆನ್ಸ್ ಮಾಡೆಲ್). ಅದು ಹೇಳುವ ಕಾರಣ ಎರಡು: ಉಪಯೋಗ ಇದೆ ಅನ್ನಿಸುವುದು, ಬಳಸಲು ಸುಲಭ ಅನ್ನಿಸುವುದು. ಇನ್ನೊಂದು ವೆಂಕಟೇಶ್ ಮತ್ತು ಸಂಗಡಿಗರು ಎಂಟು ಮಾದರಿಗಳನ್ನು ಒಗ್ಗೂಡಿಸಿ 2003ರಲ್ಲಿ ಕೊಟ್ಟ ಯುಟಾಟ್ (ತಂತ್ರಜ್ಞಾನದ ಒಪ್ಪಿಗೆ ಮತ್ತು ಬಳಕೆಯ ಏಕೀಕೃತ ಸಿದ್ಧಾಂತ). ಹೆಚ್ಚು ಸಲ ಬಂತೆಂದು ಇವುಗಳಲ್ಲಿ ಒಂದನ್ನು ಎತ್ತಿಕೊಳ್ಳುವುದೇ ದೊಡ್ಡ ತಪ್ಪು. ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪಿಕೊಳ್ಳುತ್ತಾರೆ ಎಂಬುದು ಇವೆರಡರ ಮೂಲ ಪ್ರಶ್ನೆ. ಡೇವಿಸ್ ಕೇಳಿದ್ದು ಕೆನಡಾದ ಐಬಿಎಂ ಉದ್ಯೋಗಿಗಳನ್ನು ಮತ್ತು ಎಂಬಿಎ ವಿದ್ಯಾರ್ಥಿಗಳನ್ನು. ನಿಮ್ಮ ಅಂಗಡಿಯವರ ಗಲ್ಲಾಪೆಟ್ಟಿಗೆಯ ಮೇಲೆ ಕ್ಯೂಆರ್ ಕೋಡ್ ಆಗಲೇ ಕೂತಿದೆ. ಅವರು ಅದನ್ನು ಮುಂದೆಯೂ ಇಟ್ಟುಕೊಳ್ಳುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ.

ಅದಕ್ಕೆ ಸರಿಹೊಂದುವುದು ಅನೋಲ್ ಭಟ್ಟಾಚಾರ್ಜಿ ಅವರ 2001ರ ಮಾದರಿ. ನಿರೀಕ್ಷೆ ಈಡೇರಿದರೆ ಉಪಯೋಗ ಇದೆ ಅನ್ನಿಸುತ್ತದೆ, ತೃಪ್ತಿಯೂ ಆಗುತ್ತದೆ. ಉಪಯೋಗದಿಂದ ತೃಪ್ತಿ ಹೆಚ್ಚುತ್ತದೆ. ಉಪಯೋಗ, ತೃಪ್ತಿ ಎರಡೂ ಸೇರಿ ಮುಂದುವರಿಸುವ ಇರಾದೆ ಮೂಡಿಸುತ್ತವೆ. ಚಿತ್ರ ಬರೆದರೆ ಕಾರಣದಿಂದ ಪರಿಣಾಮಕ್ಕೆ ಒಟ್ಟು ಐದು ಬಾಣ. ಇದಕ್ಕೆ ಇಲ್ಲಿನ ಪರಿಸ್ಥಿತಿಯಿಂದ ಇನ್ನೊಂದು ಕಾರಣ ಸೇರಿಸಬೇಕು. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿತು. ತೆರಿಗೆಯ ಭಯ ಆ ಮೂಲ ಮಾದರಿಯಲ್ಲಿಲ್ಲ. ಆದರೆ ಗ್ರಹಿಸಿದ ಅಪಾಯದ (ಬಳಸಿದರೆ ತೊಂದರೆಯಾದೀತು ಎಂಬ ಅನಿಸಿಕೆ) ಬಗ್ಗೆ ಬೇಕಾದಷ್ಟು ಅಧ್ಯಯನಗಳಿವೆ, ಆಧಾರ ಅಲ್ಲಿಂದ ಸಿಗುತ್ತದೆ. ತೆರಿಗೆಯ ಭಯದಿಂದ ಇರಾದೆಗೆ ಹೋಗುವ ಆರನೇ ಬಾಣ ಅದು, ಋಣ ಚಿಹ್ನೆಯದು: ಭಯ ಹೆಚ್ಚಿದಷ್ಟೂ ಇರಾದೆ ಕುಗ್ಗುತ್ತದೆ.

ಪ್ರತಿ ಬಾಣವನ್ನೂ ಮೂರು ಕಡೆಯಿಂದ ತಟ್ಟಿ ನೋಡಿ: ಹೀಗಾಗಲು ಸಿದ್ಧಾಂತ ಕೊಡುವ ಕಾರಣವೇನು, ನಿಮ್ಮ ಹಾಳೆಯಲ್ಲಿ ಪುರಾವೆಯ ಸಾಲು ಎಷ್ಟಿವೆ, ಪ್ರಶ್ನಾವಳಿಯಲ್ಲಿ ಅದನ್ನು ಅಳೆಯುವ ಪ್ರಶ್ನೆಗಳು ಯಾವುವು. ಒಂದಕ್ಕೂ ಉತ್ತರವಿಲ್ಲದ ಬಾಣವನ್ನು ಅಳಿಸಿ. ನಿರೀಕ್ಷೆಯ ಈಡೇರಿಕೆ, ಉಪಯೋಗ, ತೃಪ್ತಿ, ತೆರಿಗೆಯ ಭಯ, ಇರಾದೆ ಎಂದು ಐದು ಚಲಕ (ವೇರಿಯಬಲ್), ತಲಾ ನಾಲ್ಕು ಪ್ರಶ್ನೆ, ಒಟ್ಟು ಇಪ್ಪತ್ತು. ಗಿರಾಕಿ ಕಾಯುತ್ತಿರುವಾಗ ಅಂಗಡಿಯವರು ಅದಕ್ಕಿಂತ ಹೆಚ್ಚು ಉತ್ತರಿಸುವುದು ಕಷ್ಟ. ಇರಾದೆಯ ಮೇಲೆ ನೇರ ಪ್ರಭಾವ ಬೀರುವ ಚಲಕ ಮೂರು: ಉಪಯೋಗ, ತೃಪ್ತಿ, ಭಯ. ರಿಗ್ರೆಶನ್‌ಗೆ (ಹಲವು ಕಾರಣಗಳ ಪ್ರಭಾವವನ್ನು ಒಟ್ಟಿಗೆ ಅಳೆಯುವ ವಿಧಾನ) ಎಷ್ಟು ಜನ ಬೇಕು ಎನ್ನಲು ಬಳಕೆಯಲ್ಲಿರುವ ಸರಳ ಲೆಕ್ಕ, 50ಕ್ಕೆ ಚಲಕಗಳ ಎಂಟು ಪಟ್ಟು ಕೂಡಿಸುವುದು. ಅಂದರೆ ಕನಿಷ್ಠ 74. ಅರ್ಧಂಬರ್ಧ ತುಂಬಿದ ಫಾರಂ ಇದ್ದೇ ಇರುತ್ತವೆ, ನೂರು ಜನರನ್ನು ಕೇಳಿ.

‘ಯುಟಾಟ್ ಕೂಡ ಸೇರಿಸಿದರೆ ತೂಕ ಬರುತ್ತದಲ್ಲವೇ?’ ಬರುವುದಿಲ್ಲ. ಯುಟಾಟ್‌ನ ‘ಕಾರ್ಯಸಾಧನೆಯ ನಿರೀಕ್ಷೆ’ ಬಹುಪಾಲು ಡೇವಿಸ್‌ರ ‘ಉಪಯೋಗ’ವೇ. ಅದು ನಿಮ್ಮ ಮಾದರಿಯಲ್ಲಿ ಆಗಲೇ ಇದೆ. ಎರಡನ್ನೂ ಒಂದೇ ಸಮೀಕರಣಕ್ಕೆ ಹಾಕಿದರೆ ಒಂದರ ಪ್ರಭಾವವನ್ನು ಇನ್ನೊಂದು ನುಂಗುತ್ತದೆ, ವಿಐಎಫ್ (ಚಲಕಗಳು ಒಂದಕ್ಕೊಂದು ಎಷ್ಟು ಬೆಸೆದುಕೊಂಡಿವೆ ಎಂಬುದರ ಅಳತೆ) ಏರುತ್ತದೆ, ನಿಜವಾಗಿ ಕೆಲಸ ಮಾಡುವ ಚಲಕವೇ ನಿರರ್ಥಕ ಎಂಬ ಫಲಿತಾಂಶ ಬರಬಹುದು.

ಸಂದರ್ಶನ ಆಧಾರಿತ ಅಧ್ಯಯನವಾದರೆ ಬಾಣಗಳ ಹಂಗಿಲ್ಲ. ಅಲ್ಲಿ ಸಿದ್ಧಾಂತದ ಪರಿಕಲ್ಪನೆಗಳೇ ಸಂದರ್ಶನದ ಪ್ರಶ್ನೆಗಳಾಗುತ್ತವೆ, ಆಮೇಲೆ ಉತ್ತರಗಳನ್ನು ವಿಂಗಡಿಸುವ ಕೋಡ್‌ಗಳಾಗುತ್ತವೆ.

ಚಿತ್ರವನ್ನು ಎರಡನೇ ಅಧ್ಯಾಯದ ಕೊನೆಯಲ್ಲಿಡಿ, ಪ್ರತಿ ಬಾಣದ ಮೇಲೆ ಊಹೆಯ ಸಂಖ್ಯೆ ಬರೆಯಿರಿ. ಅದರ ಕೆಳಗೆ ಟ್ಯಾಮ್, ಯುಟಾಟ್ ಯಾಕೆ ಬಿಟ್ಟಿರಿ ಎಂದು ಒಂದು ಪ್ಯಾರಾ ಇರಲಿ. ವೈವಾದಲ್ಲಿ ಆ ಪ್ರಶ್ನೆ ಬರುವ ಸಾಧ್ಯತೆ ಹೆಚ್ಚು.