ಚಿನ್ನದ ನ್ಯಾನೊಕಣ ಕೆಂಪಾಗದಿದ್ದರೆ

ಪುಣೆಯಲ್ಲಿ ಎಂಎಸ್ಸಿ ಓದುವ ನಮ್ಮ ಕನ್ನಡದ ಹುಡುಗರು ಪದೇಪದೇ ಕೇಳುವ ಪ್ರಶ್ನೆ: ಸಿಟ್ರೇಟ್ ವಿಧಾನದಲ್ಲಿ, ಅಂದರೆ ಕುದಿಯುವ ಚಿನ್ನದ ಲವಣದ ದ್ರಾವಣಕ್ಕೆ ಸಿಟ್ರೇಟ್ ಸುರಿದು ಚಿನ್ನದ ಅತಿಸಣ್ಣ ಕಣಗಳನ್ನು ಮಾಡುವಾಗ, ಕೆಂಪಿನ ಬದಲು ನೇರಳೆ ಯಾಕೆ ಬರುತ್ತದೆ?

ಮೊದಲು ಗಾಜನ್ನು ಅನುಮಾನಿಸಿ. ಹಳೆಯ ಕಣ ಅಂಟಿದ್ದರೆ ಹೊಸ ಚಿನ್ನ ಅದರ ಮೇಲೇ ಬೆಳೆಯುತ್ತದೆ. ಫ್ಲಾಸ್ಕ್, ಕಲಕುವ ಸ್ಟರರ್ ಕಡ್ಡಿ ಎರಡನ್ನೂ ಆಕ್ವಾ ರೀಜಿಯಾದಲ್ಲಿ (3 ಪಾಲು ಹೈಡ್ರೋಕ್ಲೋರಿಕ್, 1 ಪಾಲು ನೈಟ್ರಿಕ್ ಆಮ್ಲ) ಫ್ಯೂಮ್ ಹುಡ್ (ವಿಷಾನಿಲ ಹೊರಗೆಳೆಯುವ ಗೂಡು) ಒಳಗೇ ತೊಳೆಯಿರಿ. ಉಳಿದದ್ದನ್ನು ಬಿರಡೆ ಹಾಕಿ ಇಟ್ಟೀರಿ ಜೋಕೆ, ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಚಿನ್ನದ ಲವಣವನ್ನು ಸ್ಟೀಲ್ ಚಮಚದಲ್ಲಿ ತೆಗೆಯಬೇಡಿ. ಲೋಹಕ್ಕೆ ತಾಗಿದಲ್ಲೇ ಅಪಕರ್ಷಣೆ (ಲವಣ ಮತ್ತೆ ಚಿನ್ನವಾಗುವುದು) ಶುರುವಾಗುತ್ತದೆ.

ಇನ್ನು ಅಳತೆ: 0.01% ಕ್ಲೋರೋಆರಿಕ್ ಆಮ್ಲ (ಮೇಲೆ ಹೇಳಿದ ಚಿನ್ನದ ಲವಣ) 50 ಮಿಲೀ. ಚೆನ್ನಾಗಿ ಕುದಿಯುವಾಗ 1% ಟ್ರೈಸೋಡಿಯಂ ಸಿಟ್ರೇಟ್ 1 ಮಿಲೀ ಒಂದೇ ಸಲ ಸುರಿಯಿರಿ. ತೆಳು ಹಳದಿ ಮಾಯವಾಗಿ ದ್ರಾವಣ ಮಸಿನೀಲಿಗೆ ತಿರುಗುತ್ತದೆ. ಇಲ್ಲೇ ಗಾಬರಿಬಿದ್ದು ಉರಿ ಆರಿಸುವವರಿದ್ದಾರೆ! ಕುದಿಯಲು ಬಿಡಿ, ನೇರಳೆ ದಾಟಿ ದ್ರಾಕ್ಷಾರಸದ ಕೆಂಪು ಬರುತ್ತದೆ. 1973ರಲ್ಲಿ ಫ್ರೆನ್ಸ್ ಎಂಬ ವಿಜ್ಞಾನಿ ಕೊಟ್ಟ ಲೆಕ್ಕದಂತೆ ಕಣ ಸುಮಾರು 16 ನ್ಯಾನೊಮೀಟರ್. ಸಿಟ್ರೇಟ್ ಅರ್ಧಕ್ಕಿಳಿಸಿದರೆ 40ರ ಆಸುಪಾಸು. ಬೆಳಕಿನ ಹೀರಿಕೆಯನ್ನು ಅಳೆದರೆ ನಕ್ಷೆಯ ಶಿಖರ 520 ನ್ಯಾನೊಮೀಟರ್ ತರಂಗಾಂತರದ ಬಳಿ ಚೂಪಾಗಿರಬೇಕು. 600ರಾಚೆ ಬಾಲ ಎದ್ದಿದ್ದರೆ ಕಣಗಳು ಗುಂಪುಗಟ್ಟಿವೆ. ನಲ್ಲಿ ನೀರಂತೂ ಬೇಡವೇ ಬೇಡ: ಲವಣ ಸೇರಿದರೆ ಕಣಗಳ ನಡುವಿನ ವಿದ್ಯುತ್ ವಿಕರ್ಷಣೆ ಕುಗ್ಗಿ ಅವು ಅಂಟಿಕೊಳ್ಳುತ್ತವೆ.

ಅಂದಹಾಗೆ, ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 2004ರಲ್ಲಿ ಗವತಿ ಚಹಾದ, ಅಂದರೆ ನಮ್ಮ ಮಜ್ಜಿಗೆ ಹುಲ್ಲಿನ, ಸಾರದಿಂದ ತ್ರಿಕೋನ ಚಿನ್ನದ ಹಾಳೆಗಳನ್ನೇ ಬೆಳೆಸಿದರು. ಅವು ಅತಿಗೆಂಪು ಬೆಳಕನ್ನೂ ಹೀರುತ್ತವೆ.

ಸಿದ್ಧವಾದದ್ದನ್ನು ಕಂದು ಬಾಟಲಿಯಲ್ಲಿ, 4 ಡಿಗ್ರಿಯಲ್ಲಿಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಕಣಗಳು ಮತ್ತೆ ಬಿಡಿಯಾಗುವುದಿಲ್ಲ.