ಒಣಗಿದರೆ ಸಾಯುವ ಬೀಜ

8 ಸೆಪ್ಟೆಂಬರ್ 2023, ಶುಕ್ರವಾರ
ಕಲಬುರಗಿ

ಇವತ್ತು ಸಂಜೆ ಜಗತ್ ಸರ್ಕಲ್ ಹತ್ತಿರ ನಾವು ನಾಲ್ಕು ಜನ ಒಂದು ತಾಸು ನಿಂತಿದ್ದೆವು. ಕೈಯಲ್ಲಿ ರಟ್ಟಿನ ಫಲಕ. ನನ್ನದರ ಮೇಲೆ ಮೂರೇ ಮಾತು: ಉಳಿಸು, ಬೆಳೆಸು, ಬಳಸು. ಶಿರಸಿ ತಾಲ್ಲೂಕಿನ ಸಲ್ಕಣಿ ಊರಿನವರು ಕಳಸೆ ಕಾಡಿಗೆ ಹೋಗಿ, ಕಡಿಯಲು ಬಂದವರ ಎದುರು ಮರಗಳನ್ನು ತಬ್ಬಿಕೊಂಡದ್ದು 1983ರ ಇದೇ ದಿನ. ಅಲ್ಲಿಂದ ಶುರುವಾದ ಅಪ್ಪಿಕೋ ಚಳವಳಿಗೆ ಇವತ್ತಿಗೆ 40 ವರ್ಷ. ನನ್ನ ಫಲಕದ ಆ ಮೂರು ಮಾತೂ ಆ ಚಳವಳಿಯದೇ.

ಪಕ್ಕದ ಚಹಾ ಅಂಗಡಿಯ ಕಾಕಾ ಫಲಕವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಕೇಳಿದರು, "ಯವ್ವಾ, ನೀವು ಇಲ್ಲಿ ನಿಂತ್ರ ಅಲ್ಲಿ ಕಾಡು ಉಳಿತದೇನು? ನಮ್ಮ ಕಡಿ ಮಳಿನೇ ಇಲ್ಲ, ನಿನಗ ಮಳೆಕಾಡಿನ ಚಿಂತಿ."

ಪ್ರೀತಿಯಿಂದಲೇ ಕೇಳಿದರು. ಆಟೋ ಹಾರನ್ನುಗಳ ಗದ್ದಲದಲ್ಲಿ ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕಾಕಾ ಹೇಳಿದ್ದು ಸುಳ್ಳಲ್ಲ. ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು. 1901ರಿಂದ ಈಚೆಗೆ ದೇಶದಲ್ಲಿ ಇಷ್ಟು ಒಣ ಆಗಸ್ಟ್ ಬಂದಿಲ್ಲ ಅಂತ ಹವಾಮಾನ ಇಲಾಖೆಯೇ ಹೇಳಿದೆ. ಅಫಜಲಪುರ ತಾಲ್ಲೂಕಿನ ನಮ್ಮ ಹೊಲದಲ್ಲಿ ಹೆಸರು ಕೈಗೆ ಹತ್ತಲಿಲ್ಲ. ತೊಗರಿ ಮೊಣಕಾಲೆತ್ತರ ಬಂದು ನಿಂತುಬಿಟ್ಟಿದೆ. ಹೋದ ವಾರ ಊರಿಗೆ ಹೋದಾಗ ಎರೆಮಣ್ಣಿನ ಒಂದು ಬಿರುಕಿಗೆ ಕೈ ಹಾಕಿದೆ. ಮಣಿಕಟ್ಟಿನವರೆಗೆ ಇಳಿಯಿತು. ಒಳಗಿನ ಮಣ್ಣೂ ಬೆಚ್ಚಗೇ ಇತ್ತು.

ಇದೇ ಕೈ ಜನವರಿಯಲ್ಲಿ ಇನ್ನೊಂದು ನೆಲ ಮುಟ್ಟಿತ್ತು. ಕಾಲೇಜಿನವರ ಜೊತೆ ಜೋಗಕ್ಕೆ ಹೋದಾಗ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ನೋಡಿದೆವು. ಹೆಸರಿಗೆ ತಕ್ಕ ಕಾಡು, ನಡು ಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ತರಗೆಲೆಯ ಮೇಲೆ ಕೂತು ಸುಮ್ನೆ ಕೆದರಿದೆ. ಮೇಲಿನ ಎಲೆ ಗರಿಗರಿ, ಅದರ ಕೆಳಗಿನದು ತೇವ. ಇನ್ನೂ ಕೆಳಗೆ ಎಲೆಯ ಗುರುತೇ ಇಲ್ಲ. ಬಿಳಿ ನೂಲಿನಂಥ ಬೂಸು ಹಬ್ಬಿ ಎಲ್ಲ ಕರಿ ಮಣ್ಣಾಗುತ್ತಿತ್ತು. ಒಂದು ಹಿಡಿ ಎತ್ತಿ ಹಿಂಡಿದರೆ ಬೆರಳ ಸಂದಿಯಿಂದ ಹನಿ ನೀರು ಇಳಿಯಿತು. ಅದೂ ಜನವರಿಯಲ್ಲಿ!

ಅಲ್ಲೇ ಹಳ್ಳದ ಜವುಗಿನಲ್ಲಿ ರಾಮಪತ್ರೆ ಜಾತಿಯ ಮರಗಳಿದ್ದವು. ಮೊಣಕಾಲು ಮಡಚಿದ ಹಾಗೆ ಬೇರುಗಳು ಕೆಸರಿನಿಂದ ಮೇಲೆ ಎದ್ದು ಮತ್ತೆ ಒಳಗೆ ಇಳಿದಿದ್ದವು. ಉಸಿರಾಡಲು ಹಾಗೆ ಬರುತ್ತವಂತೆ. ಜೊತೆಗಿದ್ದ ಅರಣ್ಯ ಕಾವಲುಗಾರರು ಇನ್ನೊಂದು ಮಾತು ಹೇಳಿದರು. ಈ ಮರದ ಬೀಜ ಒಣಗಿದರೆ ಸಾಯುತ್ತದೆ.

ನನಗೆ ನಂಬಲಾಗಲಿಲ್ಲ. ರೈತರ ಮನೆಯವಳು ನಾನು. ಬೀಜ ಅಂದರೆ ಒಣಗಿಸಿ ಇಡುವುದು ಅಂತಲೇ ಗೊತ್ತು. ಅವ್ವ ಬಿತ್ತುವ ತೊಗರಿಯನ್ನು ಬಿಸಿಲಿಗೆ ಹರವಿ, ಬೂದಿ ಬೆರೆಸಿ ಇಟ್ಟು, ಮುಂದಿನ ಮಿರಗದ ಮಳೆಗೆ, ಬಿತ್ತುವಾಗ, ತೆಗೆಯುತ್ತಾಳೆ. ಬೆಳೆ ಹೋದರೂ ಮನೆಯಲ್ಲಿ ಬೀಜ ಇದ್ದರೆ ಒಂದು ಧೈರ್ಯ, ಅಲ್ವಾ? ರಾಮಪತ್ರೆಗೆ, ಧೂಪದ ಮರಕ್ಕೆ ಆ ಧೈರ್ಯ ಇಲ್ಲ. ಬಿದ್ದ ಬೀಜ ಬೇಗನೆ, ಅದೇ ನೆರಳಲ್ಲಿ, ಅದೇ ತೇವದಲ್ಲಿ ಮೊಳೆಯಬೇಕು. ಮೇಲಿನ ಮರ ಕಡಿದರೆ ನೆರಳು ಹೋಯಿತು. ನೆರಳು ಹೋದರೆ ತೇವವೂ ಹೋಯಿತು.

"ಒಂದು ಕಡಿದರೆ ಹತ್ತು ನೆಡುತ್ತೇವೆ" ಅಂತ ಯಾರಾದರೂ ಹೇಳಿದರೆ ಈಗ ನನಗೆ ಸಿಟ್ಟು ಬರುತ್ತದೆ. ಹತ್ತು ಏನನ್ನು ನೆಡುತ್ತೀರಿ? ನೀಲಗಿರಿ, ಅಕೇಶಿಯಾ ಬಯಲಿನಲ್ಲೂ ಬರುತ್ತವೆ. ಕತ್ತಲೆಕಾನು ಹಾಗೆ ಬರುವುದಿಲ್ಲ. ನಮ್ಮ ಹೊಲದಲ್ಲಿ ಒಂದು ಬೆಳೆ ಹೋದರೆ ಮುಂದಿನ ವರ್ಷ ಬಿತ್ತುತ್ತೇವೆ. ಅಲ್ಲಿ ಹೋದದ್ದನ್ನು ನನ್ನ ಮೊಮ್ಮಕ್ಕಳೂ ನೋಡಲಿಕ್ಕಿಲ್ಲ. ಆ ಕತ್ತಲೆಕಾನು ಇರುವ ಶರಾವತಿ ಕಣಿವೆಯಲ್ಲೇ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡುವ ಯೋಜನೆ, ತರಬೇಕು ಅಂತ ಹೊರಟಿದ್ದಾರೆ. ಬೇಡ ಅನ್ನುವವರ ಜೊತೆ ನಾನಿದ್ದೇನೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲೂ ಅಣೆಕಟ್ಟು ಆಗಿಯೇ ತೀರುತ್ತದೆ ಅಂದುಕೊಂಡಿದ್ದರು. ಜನ ಬಿಡಲಿಲ್ಲ. 1983ರಲ್ಲಿ ಯೋಜನೆ ಕೈಬಿಟ್ಟರು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು.

ಇನ್ನು ನಮಗೂ ಆ ಬೆಟ್ಟಗಳಿಗೂ ಏನು ಸಂಬಂಧ? ಭೀಮಾ. ಸರಡಗಿ ಬ್ಯಾರೇಜಿನಿಂದ ನಮ್ಮ ನಲ್ಲಿಗೆ ಬರುವ ಹೊಳೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಕೆಂದಳಿಲು ಓಡಾಡುವ ಹಸಿರು ಕಾಡಿನಲ್ಲಿ. ಬೇಸಿಗೆ ಬಂದರೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಲಿ ಅಂತ ಕೂಗುತ್ತೇವೆ. ಉಜನಿ ತುಂಬುವುದು ಎಲ್ಲಿಯ ಮಳೆಯಿಂದ? ಪುಣೆ ಕಡೆಯ ಅದೇ ಘಟ್ಟದ ಮಳೆಯಿಂದ. ಆ ಘಟ್ಟ ಬೋಳಾದರೆ ಮಳೆ ನೀರು ಮಣ್ಣನ್ನು ಕೊಚ್ಚಿಕೊಂಡು ಒಂದೇ ಸಲ ಓಡಿ ಬರುತ್ತದೆ. ನಾನು ಹಿಂಡಿದ ಆ ಹಿಡಿ ಎಲೆಮಣ್ಣು ಜನವರಿವರೆಗೆ ಹಿಡಿದಿಟ್ಟುಕೊಂಡಿದ್ದು ಇಂಥ ನೀರನ್ನೇ.

"ಮೊದಲು ನಮ್ಮ ಚಿಂಚೋಳಿ ಕಾಡು ನೋಡು" ಅಂತ ಗೆಳತಿ ಹೇಳುತ್ತಾಳೆ. ನೋಡೋಣ, ಅದೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕು ಅಂತ ಏನಿದೆ?

ಮರ ತಬ್ಬಿಕೊಳ್ಳುವುದು ಹುಚ್ಚು ಅನ್ನುವವರಿಗೂ ಒಂದು ಮಾತು. ಗಾಣಗಾಪುರದ ಸಂಗಮದಲ್ಲಿ ಅತ್ತಿ ಮರ ಸುತ್ತುವವರನ್ನು ನಾವು ಹುಚ್ಚರು ಅನ್ನುತ್ತೇವಾ? ಸಲ್ಕಣಿಯವರಿಗೂ ಆ ಮರಗಳು ಬೇಕಾಗಿದ್ದವು. ಹೊಲಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ, ಹಳ್ಳಕ್ಕೆ ನೀರು ಅಲ್ಲಿಂದಲೇ. ಅದಕ್ಕೇ ಅವರ ಮೂರನೇ ಮಾತು "ಬಳಸು". ಆ ಮಾತು ಇದೆ ಅಂತಲೇ ನನಗೆ ಈ ಚಳವಳಿ ಜಾಸ್ತಿ ಇಷ್ಟ. ಕಾಡಿಗೆ ಬೇಲಿ ಹಾಕಿ ಜನರನ್ನು ಹೊರಗೆ ನಿಲ್ಲಿಸಿ ಅಂತ ಅವರು ಕೇಳಲಿಲ್ಲ.

ನಾಳೆ ಕಾಕಾಗೆ ಮೊದಲು ಬೀಜದ ಮಾತೇ ಹೇಳಬೇಕು. ಅವರೂ ಜೇವರ್ಗಿ ಕಡೆ ಹೊಲ ಮಾಡಿದವರು, ತಿಳಿಯುತ್ತದೆ. ಫಲಕವನ್ನು ಅವರ ಅಂಗಡಿಯಲ್ಲೇ ಇಟ್ಟು ಬಂದಿದ್ದೇನೆ. ನಾನು ಹೊರಡುವಾಗ ಹಳೇ ಗೊಬ್ಬರದ ಚೀಲ ಹುಡುಕಿ ತಂದು ಅದಕ್ಕೆ ಸುತ್ತುತ್ತಿದ್ದರು. "ರಾತ್ರಿ ಮಳಿ ಬಂದ್ರ ತೊಯ್ತದ" ಅಂದರು.